ರಿಯಾಯಿತಿ ನೀಡದ ಗುರು



ಪ್ರೀತಿಯಲ್ಲಿ ಎರಡು ಬಗೆಯುಂಟು. ಮಗುವಿನ ಕೈಯಲ್ಲಿರುವ ಭಾರವನ್ನು ಇಸಿದುಕೊಂಡು ತಾನೇ ಹೊರುವ ಪ್ರೀತಿ ಒಂದು ಬಗೆಯದು. ಅದೇ ಭಾರವನ್ನು ಹೊರುವಷ್ಟು ಬಲ ಮಗುವಿನ ತೋಳಿಗೆ ಬರುವವರೆಗೆ ಪಕ್ಕದಲ್ಲಿಯೇ ನಿಂತು ಕಾಯುವ ಪ್ರೀತಿ ಇನ್ನೊಂದು ಬಗೆಯದು. ಮೊದಲನೆಯದು ಕಣ್ಣಿಗೆ ಹಿತವಾಗಿ ಕಾಣುತ್ತದೆ; ಎರಡನೆಯದು ಕೆಲವೊಮ್ಮೆ ಕಠೋರವೆಂದೂ ತೋರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮೊದಲನೆಯ ಬಗೆಯ ಪ್ರೀತಿಗೆ ನಾವು ಬೇಗನೆ ಮನಸೋಲುತ್ತೇವೆ. "ಬಿಸಿಲಿನಲ್ಲಿ ಓಡಬೇಡ, ಬಳಲುತ್ತೀಯೆ", "ನಿನ್ನಿಂದ ಇಷ್ಟಾದರೆ ಸಾಕು ತಾಯಿ" ಎಂಬ ಮಾತುಗಳಲ್ಲಿ ವಾತ್ಸಲ್ಯವಿದೆ, ಸಂದೇಹವಿಲ್ಲ. ಆದರೆ ಆ ವಾತ್ಸಲ್ಯದ ಒಡಲಿನಲ್ಲಿಯೇ "ಇದಕ್ಕಿಂತ ಹೆಚ್ಚಿನದು ನಿನ್ನಿಂದಾಗದು" ಎಂಬ ತೀರ್ಪೂ ಅಡಗಿರುತ್ತದೆ. ಆ ತೀರ್ಪನ್ನು ಬಾಲ್ಯದಿಂದಲೂ ಕೇಳುತ್ತ ಬೆಳೆದ ಹುಡುಗಿ ಕ್ರಮೇಣ ಅದನ್ನೇ ನಿಜವೆಂದು ನಂಬಿಬಿಡುತ್ತಾಳೆ.

ಈ ತೀರ್ಪನ್ನು ಒಪ್ಪದೆ, 38 ವರ್ಷಗಳ ಕಾಲ ಒಂದೇ ವಿಶ್ವವಿದ್ಯಾಲಯದಲ್ಲಿ ನಿಂತು ದುಡಿದ ಒಬ್ಬ ಮಹಿಳೆಯ ಬಾಳಿನ ಕಥೆಯನ್ನು ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ಪ್ಯಾಟ್ ಸಮಿಟ್. ಅಮೆರಿಕದ ದಕ್ಷಿಣ ಭಾಗದ ಟೆನೆಸ್ಸೀ ರಾಜ್ಯದವರು. ಕಾಲೇಜು ವಿದ್ಯಾರ್ಥಿನಿಯರಿಗೆ ಬಾಸ್ಕೆಟ್‌ಬಾಲ್ ಆಟ ಕಲಿಸುವುದು ಅವರು ಕೈಗೊಂಡ ವೃತ್ತಿ.

ಪ್ಯಾಟ್ ಜನಿಸಿದ್ದು 1952ರ ಜೂನ್ 14ರಂದು, ಕ್ಲಾರ್ಕ್ಸ್‌ವಿಲ್ ಎಂಬ ಊರಿನಲ್ಲಿ. ತಂದೆ ರಿಚರ್ಡ್ ಹೆಡ್ ಹೊಗೆಸೊಪ್ಪು ಬೆಳೆದು ಹೈನುಗಾರಿಕೆ ಮಾಡುತ್ತಿದ್ದ ಒಕ್ಕಲಿಗರು, ತಾಯಿ ಹೇಝಲ್. ಮೂವರು ಅಣ್ಣಂದಿರ ಹಿಂದೆ ಹುಟ್ಟಿದ ಹುಡುಗಿ ಈಕೆ. ಬೆನ್ನಿಗೆ ಒಬ್ಬ ತಂಗಿ. ಆ ಮನೆಯಲ್ಲಿ ಗಂಡುಮಕ್ಕಳ ಕೆಲಸ, ಹೆಣ್ಣುಮಕ್ಕಳ ಕೆಲಸ ಎಂಬ ವಿಂಗಡಣೆ ಇರಲಿಲ್ಲ. ಹಾಲು ಕರೆಯುವುದು, ಒಣಹುಲ್ಲು ಕಟ್ಟುವುದು, ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವುದು ಎಲ್ಲರಿಗೂ ಸಮಾನ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆ ಆ ಮನೆಯವರಿಗೆ ಯಾರೂ ಹೇಳಿಕೊಡದೆಯೇ ತಿಳಿದಿತ್ತು. ದಿನದ ಕೆಲಸವೆಲ್ಲ ಮುಗಿದ ಮೇಲೆ ಕೊಟ್ಟಿಗೆಯ ಮೇಲಿನ ಹುಲ್ಲಿನ ಅಟ್ಟದಲ್ಲಿ ಅಣ್ಣಂದಿರೊಡನೆ ಬಾಸ್ಕೆಟ್‌ಬಾಲ್ ಆಟ. ಅಣ್ಣಂದಿರು ತಂಗಿಯೆಂದು ಬಿಟ್ಟುಕೊಟ್ಟವರಲ್ಲ. ತಳ್ಳಿದರೆ ಎದ್ದು ನಿಂತು ಮತ್ತೆ ಆಡಬೇಕು.

ತಂದೆ ಮಿತಭಾಷಿ, ಶಿಸ್ತಿನ ಮನುಷ್ಯ. ಮಕ್ಕಳನ್ನು ಬಾಯ್ತುಂಬ ಹೊಗಳಿದವರಲ್ಲ. ಆದರೆ ಅವರು ಮಾಡಿದ ಒಂದು ಕಾರ್ಯವನ್ನು ಹೆಣ್ಣು ಹೆತ್ತ ಪ್ರತಿಯೊಬ್ಬರೂ ಗಮನಿಸಬೇಕು. ಮಗಳು ಪ್ರೌಢಶಾಲೆಗೆ ಸೇರುವ ಕಾಲ ಬಂದಾಗ, ಕ್ಲಾರ್ಕ್ಸ್‌ವಿಲ್‌ನ ಶಾಲೆಯಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೇ ಇರಲಿಲ್ಲ. ಆಗ ಆ ರೈತ ತನ್ನ ಸಂಸಾರವನ್ನೇ ಪಕ್ಕದ ಕೌಂಟಿಯ ಹೆನ್ರಿಯೆಟ್ಟಾ ಎಂಬ ಹಳ್ಳಿಗೆ ಸಾಗಿಸಿದರು. ಅಲ್ಲಿಯ ಶಾಲೆಯಲ್ಲಿ ಹುಡುಗಿಯರ ತಂಡವಿತ್ತು. ಮಗನ ಓದಿಗಾಗಿ ಊರು ಬಿಟ್ಟ ತಂದೆಯರನ್ನು ನಾವು ಕಂಡಿದ್ದೇವೆ. ಮಗಳ ಆಟಕ್ಕಾಗಿ ಮನೆ ಬದಲಿಸಿದ ತಂದೆಯ ಸಂಗತಿ, ಅದೂ 1960ರ ದಶಕದ್ದು, ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆ ಶಾಲೆಯಲ್ಲಿ ಹುಡುಗಿಯರು ಆಡುತ್ತಿದ್ದ ಆಟ ಎಂತಹದು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮುಂದಿನ ಕಥೆಯ ತಿರುಳು ಅದರಲ್ಲಿದೆ. ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ರೂಪಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಅದನ್ನು ಹೆಣ್ಣುಮಕ್ಕಳಿಗೆ ಕಲಿಸಿದರು. ಆದರೆ ಹುಡುಗಿಯರು ಬಳಲಬಾರದೆಂದು ಅಂಗಳವನ್ನು ಮೂರು ಭಾಗ ಮಾಡಿ, ತಮ್ಮ ಭಾಗವನ್ನು ದಾಟಿ ಯಾರೂ ಓಡಕೂಡದೆಂಬ ನಿಯಮ ಹಾಕಿದರು. ಹೆಣ್ಣುಮಕ್ಕಳು ಆಡುವುದೇ ತಪ್ಪೆನ್ನುತ್ತಿದ್ದ ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ವಿಷಾದದ ಸಂಗತಿಯೆಂದರೆ, ಕಾಲ ಬದಲಾದರೂ ಆ ಬಗೆಯ ನಿಯಮ ಬದಲಾಗಲಿಲ್ಲ. ಟೆನೆಸ್ಸೀ ರಾಜ್ಯದ ಪ್ರೌಢಶಾಲೆಗಳಲ್ಲಿ 1979ರವರೆಗೂ ಹುಡುಗಿಯರ ತಂಡಕ್ಕೆ ಆರು ಮಂದಿ. ಮೂವರು ಅಂಗಳದ ಒಂದು ಅರ್ಧದಲ್ಲಿ, ಮೂವರು ಇನ್ನೊಂದು ಅರ್ಧದಲ್ಲಿ. ನಡುವಿನ ಗೆರೆಯನ್ನು ಯಾರೂ ದಾಟುವಂತಿಲ್ಲ. ಒಂದು ಕಡೆಯವರು ಬುಟ್ಟಿಗೆ ಚೆಂಡು ಹಾಕುವವರು, ಮತ್ತೊಂದು ಕಡೆಯವರು ಎದುರಾಳಿಯನ್ನು ತಡೆಯುವವರು. ತಡೆಯುವ ಸ್ಥಾನಕ್ಕೆ ಬಿದ್ದ ಹುಡುಗಿ ನಾಲ್ಕು ವರ್ಷ ಆಡಿಯೂ ಪಂದ್ಯದಲ್ಲಿ ಒಮ್ಮೆಯಾದರೂ ಬುಟ್ಟಿಗೆ ಗುರಿಯಿಡದೆ ಶಾಲೆ ಬಿಡಬಹುದಾಗಿತ್ತು. ಹುಡುಗರಿಗೆ ಮಾತ್ರ ಐದು ಮಂದಿಯ ಆಟ, ಪೂರ್ತಿ ಅಂಗಳ.

ಕರುಣೆಯಿಂದ ಎಳೆದ ಗೆರೆ ಅದು. ಕರುಣೆಯ ಹೆಸರಿನಲ್ಲಿಯೇ ಅದು ಅರ್ಧ ಅಂಗಳವನ್ನು ಹೆಣ್ಣುಮಕ್ಕಳಿಂದ ಕಸಿದುಕೊಂಡಿತ್ತು. ಪ್ಯಾಟ್ ತರಬೇತುದಾರರಾದ ಮೇಲೆ ಈ ಪದ್ಧತಿಯನ್ನು ಬಲವಾಗಿ ವಿರೋಧಿಸಿದವರಲ್ಲಿ ಒಬ್ಬರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ಪ್ರೌಢಶಾಲೆ ಮುಗಿಸಿ ಪ್ಯಾಟ್ ಟೆನೆಸ್ಸೀ ವಿಶ್ವವಿದ್ಯಾಲಯದ ಮಾರ್ಟಿನ್ ಕೇಂದ್ರಕ್ಕೆ ಸೇರಿದರು. ಅಣ್ಣಂದಿರಿಗೆ ಕ್ರೀಡೆಯ ಬಲದಿಂದ ವಿದ್ಯಾರ್ಥಿವೇತನ ದೊರೆತಿತ್ತು. ಹೆಣ್ಣುಮಕ್ಕಳಿಗೆ ಅಂತಹ ವೇತನವೇ ಆಗ ಅಲ್ಲಿ ಇರಲಿಲ್ಲವಾಗಿ, ಮಗಳ ಶುಲ್ಕವನ್ನು ತಂದೆತಾಯಿಗಳೇ ಭರಿಸಿದರು. 1972ರಲ್ಲಿ ಅಮೆರಿಕದ ಸಂಸತ್ತು ಒಂದು ಮಹತ್ವದ ಕಾನೂನನ್ನು ಮಾಡಿತು. ಒಕ್ಕೂಟ ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಲಿಂಗಭೇದ ಮಾಡಕೂಡದೆಂಬುದೇ ಅದರ ಸಾರ. ಅದು 'ಟೈಟಲ್ ನೈನ್' ಎಂದು ಪ್ರಸಿದ್ಧವಾಗಿದೆ. ಕಾನೂನು ಕಾಗದದ ಮೇಲೆ ಬಂದಿತು. ಅದನ್ನು ಅಂಗಳಕ್ಕೆ ಇಳಿಸುವವರು ಬೇಕಾಗಿತ್ತು.

1974ರಲ್ಲಿ, ಕಾಲೇಜಿನ ಕೊನೆಯ ವರ್ಷದಲ್ಲಿ, ಪ್ಯಾಟ್ ಅವರ ಮೊಣಕಾಲಿಗೆ ತೀವ್ರ ಪೆಟ್ಟಾಯಿತು. ಇನ್ನು ಆಟದ ಆಸೆ ಬಿಡುವುದು ಲೇಸು ಎಂಬ ಅಭಿಪ್ರಾಯ ವೈದ್ಯರದು. ಮಿತಭಾಷಿಯಾದ ತಂದೆ ಆಗ ಬಾಯಿ ತೆರೆದರು. ಮಗಳು ಒಲಿಂಪಿಕ್ಸ್‌ನಲ್ಲಿ ಆಡುವವಳು, ಆದ್ದರಿಂದ ಕಾಲನ್ನು ಸರಿಪಡಿಸಲೇಬೇಕು ಎಂಬುದು ಅವರು ವೈದ್ಯರಿಗೆ ಹೇಳಿದ ಮಾತಿನ ತಾತ್ಪರ್ಯ. ಅಲ್ಲಿಯವರೆಗೆ ಮಹಿಳೆಯರ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಇನ್ನೂ ಸೇರಿರಲೇ ಇಲ್ಲ ಎಂಬುದನ್ನು ನೆನೆದಾಗ ಆ ತಂದೆಯ ವಿಶ್ವಾಸ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಬಾರಿಗೆ ಸೇರಿತು. ಸೋವಿಯತ್ ಒಕ್ಕೂಟಕ್ಕೆ ಚಿನ್ನ, ಅಮೆರಿಕಕ್ಕೆ ಬೆಳ್ಳಿ. ಆ ಅಮೆರಿಕ ತಂಡದ ಸಹನಾಯಕಿಯರಲ್ಲಿ ಪ್ಯಾಟ್ ಒಬ್ಬರು.

ಅಷ್ಟರಲ್ಲಿ ಅವರ ವೃತ್ತಿಜೀವನ ಆರಂಭವಾಗಿತ್ತು. 1974ರಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆಂದು ನಾಕ್ಸ್‌ವಿಲ್‌ನ ಟೆನೆಸ್ಸೀ ವಿಶ್ವವಿದ್ಯಾಲಯಕ್ಕೆ ಹೋದ ಅವರಿಗೆ, ಅಲ್ಲಿದ್ದ ತರಬೇತುದಾರರು ರಜೆಯ ಮೇಲೆ ತೆರಳಿದ್ದರಿಂದ, ಮಹಿಳಾ ತಂಡದ ಹೊಣೆ ಅನಿರೀಕ್ಷಿತವಾಗಿ ಬಂದೊದಗಿತು. ವಯಸ್ಸು 22. ತಂಡದ ಕೆಲವರು ಆಕೆಗಿಂತ ಒಂದೇ ವರ್ಷ ಕಿರಿಯರು. ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಸಮವಸ್ತ್ರಗಳನ್ನು ತಾವೇ ಒಗೆಯುತ್ತಿದ್ದರು. ಬೇರೆ ಊರಿನ ಪಂದ್ಯಕ್ಕೆ ಹೋಗುವಾಗ ವ್ಯಾನನ್ನು ತಾವೇ ನಡೆಸುತ್ತಿದ್ದರು. ಆ ಸಮವಸ್ತ್ರಗಳಾದರೂ ಹಿಂದಿನ ವರ್ಷ ತಿಂಡಿ ಮಾರಿ ಕೂಡಿಸಿದ ಹಣದಿಂದ ಕೊಂಡವು. 1974ರ ಡಿಸೆಂಬರ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಮರ್ಸರ್ ವಿಶ್ವವಿದ್ಯಾಲಯದ ಎದುರು 84ಕ್ಕೆ 83, ಒಂದೇ ಅಂಕದಿಂದ ಸೋಲು. ಮುಂದೆ ಸಾವಿರ ಗೆಲುವುಗಳನ್ನು ದಾಟಲಿದ್ದವರ ಲೆಕ್ಕ ಸೋಲಿನಿಂದ ಪ್ರಾರಂಭವಾಯಿತು.

ಅವರ ಬೋಧನಾ ಕ್ರಮ ಎಂತಹದು? ಒಂದೇ ಮಾತಿನಲ್ಲಿ ಹೇಳುವುದಾದರೆ, ರಿಯಾಯಿತಿ ಇಲ್ಲದ ಕ್ರಮ. ಬಲದಲ್ಲಿ ಮಿಗಿಲಾದವರ ಎದುರು ಆಡಿ ಪಳಗಲೆಂದು ವಿದ್ಯಾರ್ಥಿನಿಯರಿಗೆ ಗಂಡು ವಿದ್ಯಾರ್ಥಿಗಳ ತಂಡವನ್ನು ಎದುರಿಟ್ಟು ಅಭ್ಯಾಸ ಮಾಡಿಸುತ್ತಿದ್ದರು. ತಪ್ಪು ಮಾಡಿದವರತ್ತ ಅವರು ಬೀರುತ್ತಿದ್ದ ದೃಷ್ಟಿ ಅಮೆರಿಕದ ಕ್ರೀಡಾಲೋಕದಲ್ಲಿ ಒಂದು ದಂತಕಥೆಯೇ ಆಯಿತು. ಆದರೆ ಶಿಸ್ತು ಅಂಗಳದ ಗೆರೆಯೊಳಗೆ ಮುಗಿಯುತ್ತಿರಲಿಲ್ಲ. ಆಟಗಾರ್ತಿಯರು ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲಿಯೇ ಕುಳಿತುಕೊಳ್ಳಬೇಕು. ಕಾರಣವಿಲ್ಲದೆ ಪಾಠ ತಪ್ಪಿಸಕೂಡದು. ಆಟದ ನೆಪದಲ್ಲಿ ಓದಿಗೆ ವಿನಾಯಿತಿಯಿಲ್ಲ, ಓದಿನ ನೆಪದಲ್ಲಿ ಆಟಕ್ಕೂ ವಿನಾಯಿತಿಯಿಲ್ಲ. ತಮ್ಮನ್ನೂ ಇತರರನ್ನೂ ಗೌರವಿಸುವುದು, ತಪ್ಪಿನ ಹೊಣೆಯನ್ನು ಪೂರ್ತಿಯಾಗಿ ಹೊರುವುದು, ತಂಡವನ್ನು ತಮಗಿಂತ ಮುಂದಿಡುವುದು ಮುಂತಾದ ಹನ್ನೆರಡು ಸೂತ್ರಗಳನ್ನು ಅವರು ರಚಿಸಿದ್ದರು. ಅವುಗಳ ಪೈಕಿ ಕೊನೆಯದು, ಸೋಲನ್ನು ತೆಗೆದುಕೊಳ್ಳುವ ರೀತಿಯಲ್ಲಿಯೇ ಗೆಲುವನ್ನೂ ತೆಗೆದುಕೊಳ್ಳಬೇಕೆಂಬುದು.

ಇಷ್ಟು ಕಾಠಿಣ್ಯವನ್ನು ಹದಿಹರೆಯದ ಮಕ್ಕಳು ಹೇಗೆ ಸಹಿಸಿದರು ಎಂಬ ಪ್ರಶ್ನೆ ಸಹಜ. ಸಹಿಸಲಾರದೆ ತಂಡ ಬಿಟ್ಟವರೂ ಉಂಟು, ಅದನ್ನು ಮರೆಮಾಡಬೇಕಾಗಿಲ್ಲ. ಉಳಿದವರು ಉಳಿದದ್ದಕ್ಕೆ ಕಾರಣ, ಗದರಿಸಿದ ಗುರುವೇ ಸಂಜೆ ಮನೆಗೆ ಕರೆದು ತಮ್ಮ ಕೈಯಾರೆ ಅಡಿಗೆ ಮಾಡಿ ಬಡಿಸುತ್ತಿದ್ದರು. ಹೆತ್ತವರಿಂದ ದೂರವಿದ್ದ ಮಕ್ಕಳಿಗೆ ಆ ಮನೆ ಎರಡನೆಯ ತವರು. ಬೇಡುವ ಕೈಯೂ ನೀಡುವ ಕೈಯೂ ಒಂದೇ ಆಗಿದ್ದಾಗ ಮಕ್ಕಳು ಎಷ್ಟು ಕಷ್ಟವನ್ನಾದರೂ ಸಹಿಸುತ್ತಾರೆ.

ಈ ಕ್ರಮದ ಫಲವನ್ನು ಅಂಕಿಗಳಲ್ಲಿ ನೋಡೋಣ. 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಅವರು ತರಬೇತಿ ನೀಡಿದ ಅಮೆರಿಕದ ಮಹಿಳಾ ತಂಡ ಚಿನ್ನ ಗೆದ್ದಿತು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎ ನಡೆಸುವ ಚಾಂಪಿಯನ್‌ಷಿಪ್ ಅನ್ನು ಟೆನೆಸ್ಸೀ ತಂಡ ಅವರ ಕಾಲದಲ್ಲಿ ಎಂಟು ಬಾರಿ ಗೆದ್ದಿತು: 1987, 1989, 1991, 1996, 1997, 1998, 2007 ಮತ್ತು 2008. ಇವುಗಳಲ್ಲಿ 1997 ಮತ್ತು 1998ರ ಗೆಲುವುಗಳನ್ನು ಜೊತೆಯಾಗಿಟ್ಟು ನೋಡಬೇಕು. 1997ರಲ್ಲಿ ಆ ತಂಡ ಹತ್ತು ಪಂದ್ಯಗಳನ್ನು ಸೋತಿತ್ತು. ಆದರೂ ಎದೆಗುಂದದೆ ಕೊನೆಗೆ ಪ್ರಶಸ್ತಿ ಪಡೆಯಿತು. ಮರುವರ್ಷ ಆಡಿದ 39 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 2005ರ ಮಾರ್ಚ್ ತಿಂಗಳಲ್ಲಿ ಪ್ಯಾಟ್ 880ನೆಯ ಗೆಲುವು ಪಡೆದು, ಪುರುಷರ ತಂಡಗಳ ಪ್ರಸಿದ್ಧ ತರಬೇತುದಾರ ಡೀನ್ ಸ್ಮಿತ್ ಅವರ 879 ಗೆಲುವುಗಳ ದಾಖಲೆಯನ್ನು ದಾಟಿದರು. ವಿಶ್ವವಿದ್ಯಾಲಯ ತನ್ನ ಆಟದ ಅಂಗಳಕ್ಕೆ ಅವರ ಹೆಸರನ್ನೇ ಇಟ್ಟಿತು. ಒಟ್ಟು ಲೆಕ್ಕ 1,098 ಗೆಲುವು, 208 ಸೋಲು. 2020ರ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಾರಾ ವ್ಯಾನ್‌ಡರ್ವೀರ್ ಎಂಬ ಮಹಿಳೆ ಈ ಸಂಖ್ಯೆಯನ್ನೂ ದಾಟಿದರು.

ದಾಖಲೆಗಳು ಹೀಗೆ ಬರುತ್ತವೆ, ಹೋಗುತ್ತವೆ. ಆದರೆ ಇನ್ನೊಂದು ಅಂಕಿಯಿದೆ. ಪ್ಯಾಟ್ ಅವರ ಕೈಕೆಳಗೆ ಟೆನೆಸ್ಸೀಯಲ್ಲಿ ತಮ್ಮ ಆಟದ ಅವಧಿಯನ್ನು ಪೂರೈಸಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು. ನೂರಕ್ಕೆ ನೂರು. ನಮ್ಮ ಮನೆಗಳ ಹಿರಿಯರಿಗೆ ಗೆಲುವಿನ ಪಟ್ಟಿಗಿಂತಲೂ ಈ ಒಂದು ಸಾಲು ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ನಂಬಿಕೆ. ಆಟಕ್ಕೆ ಕಳಿಸಿದರೆ ಓದು ಕೆಡುತ್ತದೆಂಬ ಭಯಕ್ಕೆ 38 ವರ್ಷಗಳ ಈ ಲೆಕ್ಕವೇ ಉತ್ತರ.

ಅವರ ಶಿಷ್ಯೆಯರಲ್ಲಿ ಟಮೀಕಾ ಕ್ಯಾಚಿಂಗ್ಸ್ ಎಂಬಾಕೆಯ ಕಥೆ ಗುರುವಿನ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಆಕೆಗೆ ಹುಟ್ಟಿನಿಂದಲೇ ಶ್ರವಣದೋಷ. ಬಾಲ್ಯದಲ್ಲಿ ಇತರ ಮಕ್ಕಳ ಹಾಸ್ಯಕ್ಕೆ ಬೇಸತ್ತು ತನ್ನ ಶ್ರವಣಯಂತ್ರವನ್ನು ಎಸೆದುಬಿಟ್ಟಿದ್ದಳು. ಟೆನೆಸ್ಸೀಗೆ ಬಂದ ಮೇಲೆ ಪ್ಯಾಟ್ ಆಕೆಯ ಕೊರತೆಗೆಂದು ಅಭ್ಯಾಸವನ್ನು ಹಗುರಮಾಡಲಿಲ್ಲ. ಯಂತ್ರವನ್ನು ಮತ್ತೆ ಧರಿಸಬೇಕು, ಅದರಲ್ಲಿ ನಾಚುವಂಥದೇನಿಲ್ಲ, ನಿನ್ನನ್ನು ನೋಡಿ ಎಷ್ಟೋ ಮಕ್ಕಳಿಗೆ ಧೈರ್ಯ ಬರುತ್ತದೆ ಎಂದು ತಿಳಿಹೇಳಿದರು. ಆ ಹುಡುಗಿ ಮುಂದೆ ನಾಲ್ಕು ಒಲಿಂಪಿಕ್ ಚಿನ್ನದ ಪದಕಗಳನ್ನು ಗೆದ್ದಳು.

ಟೆನೆಸ್ಸೀ ವಿಶ್ವವಿದ್ಯಾಲಯ ಪುರುಷರ ತಂಡದ ಹೊಣೆಯನ್ನು ವಹಿಸಿಕೊಳ್ಳುವಿರಾ ಎಂದು ಪ್ಯಾಟ್ ಅವರನ್ನು ಎರಡು ಬಾರಿ ವಿಚಾರಿಸಿತ್ತು. ಎರಡು ಬಾರಿಯೂ ಅವರು ಒಪ್ಪಲಿಲ್ಲ. ಗಂಡುಮಕ್ಕಳಿಗೆ ಕಲಿಸುವುದನ್ನು ಬಡ್ತಿಯೆಂದು ಏಕೆ ಎಣಿಸಬೇಕೆಂಬುದು ಅವರ ಪ್ರಶ್ನೆಯಾಗಿತ್ತು. ತಿಂಗಳಿಗೆ 250 ಡಾಲರ್‌ನಿಂದ ಆರಂಭಿಸಿದವರು 2006ರಲ್ಲಿ, ಮಹಿಳೆಯರ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದ ಸಂಬಳ ಪಡೆದ ಮೊದಲ ತರಬೇತುದಾರರಾದರು. ಅದೂ ಹೆಣ್ಣುಮಕ್ಕಳ ತಂಡವನ್ನು ಬಿಟ್ಟು ಹೋಗದೆಯೇ.

ಅವರು ಗೃಹಿಣಿಯೂ ಹೌದು, ತಾಯಿಯೂ ಹೌದು. 1980ರಲ್ಲಿ ವಿವಾಹವಾದರು. 1990ರಲ್ಲಿ ಮಗ ಟೈಲರ್ ಹುಟ್ಟಿದ ಸಂದರ್ಭವನ್ನು ಅಲ್ಲಿಯ ಜನ ಇಂದಿಗೂ ನಗುತ್ತ ನೆನೆಯುತ್ತಾರೆ. ತುಂಬು ಗರ್ಭಿಣಿಯಾಗಿದ್ದಾಗ, ಒಬ್ಬ ಪ್ರತಿಭಾವಂತ ಹುಡುಗಿಯನ್ನು ತಂಡಕ್ಕೆ ಆಹ್ವಾನಿಸಲು ಪೆನ್ಸಿಲ್ವೇನಿಯಾ ರಾಜ್ಯದಲ್ಲಿದ್ದ ಆಕೆಯ ಮನೆಗೆ ವಿಮಾನದಲ್ಲಿ ಹೋಗಿದ್ದರು. ಅಲ್ಲಿಯೇ ಹೆರಿಗೆಯ ಬೇನೆ ಕಾಣಿಸಿಕೊಂಡಿತು. ಮಗು ಟೆನೆಸ್ಸೀ ನೆಲದಲ್ಲಿಯೇ ಹುಟ್ಟಬೇಕೆಂದು ಹಠ ಹಿಡಿದು, ಮಾರ್ಗದಲ್ಲಿ ಎಲ್ಲಿಯೂ ಇಳಿಯದೆ ಊರಿಗೆ ಮರಳಿದರು. ಯಾರೂ ಅನುಸರಿಸಬೇಕಾದ ಉದಾಹರಣೆ ಇದಲ್ಲ! ಮನೆಯನ್ನೂ ವೃತ್ತಿಯನ್ನೂ ಎರಡು ಕೈಗಳಲ್ಲಿ ಹಿಡಿದ ಹೆಣ್ಣಿನ ಗಟ್ಟಿತನಕ್ಕೆ ಸಾಕ್ಷಿಯೆಂದಷ್ಟೇ ಹೇಳಿದೆ.

ಈ ಗಟ್ಟಿತನಕ್ಕೆ ಅತ್ಯಂತ ಕಠಿಣವಾದ ಪರೀಕ್ಷೆ ಕೊನೆಗೆ ಬಂದಿತು. 2011ರಲ್ಲಿ, 59ನೆಯ ವಯಸ್ಸಿನಲ್ಲಿ, ಅವರಿಗೆ ಆಲ್‌ಝೈಮರ್ಸ್ ಎಂಬ ಮರೆವಿನ ರೋಗ ಅಕಾಲದಲ್ಲಿ ತಗುಲಿರುವುದು ತಪಾಸಣೆಯಿಂದ ತಿಳಿಯಿತು. ಆಟಗಾರ್ತಿಯರ ಒಂದೊಂದು ಚಲನೆಯನ್ನೂ ನೆನಪಿನಲ್ಲಿಟ್ಟುಕೊಳ್ಳುವುದೇ ಯಾರ ವೃತ್ತಿಯೋ, ಅವರ ನೆನಪೇ ಸವೆಯತೊಡಗಿತು. ಅರವತ್ತಕ್ಕೆ ಅರಳು ಮರಳು ಎಂದು ನಾವು ಹಗುರವಾಗಿ ಆಡುತ್ತೇವೆ. ಮನೆಯ ಹಿರಿಯರಿಗೆ ಹೀಗಾದರೆ ನಾಲ್ಕು ಜನರ ಎದುರು ಹೇಳಲು ಸಂಕೋಚಪಟ್ಟು, ವೈದ್ಯರಿಗೂ ತೋರಿಸದೆ ಒಳಕೋಣೆಯಲ್ಲಿ ಇರಿಸುವುದೂ ಉಂಟು. ಪ್ಯಾಟ್ ಹಾಗೆ ಮಾಡಲಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ತಮ್ಮ ಆಟಗಾರ್ತಿಯರಿಗೂ ಲೋಕಕ್ಕೂ ವಿಷಯವನ್ನು ಬಹಿರಂಗವಾಗಿ ತಿಳಿಸಿದರು. ಶಿಷ್ಯೆಯರಿಗೆ ನೀಡದ ರಿಯಾಯಿತಿಯನ್ನು ತಮಗೂ ತೆಗೆದುಕೊಳ್ಳಲಿಲ್ಲ. ಸಹಾಯಕರ ಹೆಗಲಿಗೆ ಹೆಚ್ಚಿನ ಕೆಲಸವನ್ನು ವಹಿಸಿ, ಇನ್ನೂ ಒಂದು ವರ್ಷ ಅಂಗಳದ ಅಂಚಿನಲ್ಲಿ ಕುಳಿತರು. ಆ ರೋಗದ ಸಂಶೋಧನೆಗೂ ರೋಗಿಗಳನ್ನು ನೋಡಿಕೊಳ್ಳುವವರ ನೆರವಿಗೂ ತಮ್ಮ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು.

2012ರ ಏಪ್ರಿಲ್‌ನಲ್ಲಿ ಅವರು ಹುದ್ದೆಯಿಂದ ನಿವೃತ್ತರಾದಾಗ, ಆ ಪೀಠಕ್ಕೆ ಬಂದವರು ಹೋಲಿ ವಾರ್ಲಿಕ್. ಅವರಿಂದಲೇ ಆಟ ಕಲಿತು, 27 ವರ್ಷ ಅವರಿಗೇ ಸಹಾಯಕರಾಗಿದ್ದ ಶಿಷ್ಯೆ. ಅದೇ ವರ್ಷ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರು ಆ ರಾಷ್ಟ್ರದ ಅತ್ಯುನ್ನತ ನಾಗರಿಕ ಗೌರವಗಳಲ್ಲೊಂದಾದ ಸ್ವಾತಂತ್ರ್ಯ ಪದಕವನ್ನು ಪ್ಯಾಟ್ ಅವರಿಗೆ ನೀಡಿದರು. 2016ರ ಜೂನ್ 28ರಂದು, 64ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ತಾವು ಕಲಿಸಿದ್ದೆಲ್ಲ ಅವರ ನೆನಪಿನಿಂದ ಜಾರುತ್ತಿದ್ದ ಹೊತ್ತಿಗೆ, ಅದು ನೂರಾರು ಹೆಣ್ಣುಮಕ್ಕಳ ನಡೆನುಡಿಯಲ್ಲಿ ಬೇರೂರಿಯಾಗಿತ್ತು. ಅವರಲ್ಲಿ ಹಲವರು ತಾವೂ ತರಬೇತುದಾರರಾಗಿ ಮುಂದಿನವರಿಗೆ ಕಲಿಸಿದರು, ಕಲಿಸುತ್ತಿದ್ದಾರೆ.

ಬಂಧುಗಳೇ, ದೂರದೇಶದ ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ಏನು ಬಂದಂತಾಯಿತು? ಎಲ್ಲರ ಮಕ್ಕಳೂ ಒಲಿಂಪಿಕ್ಸ್‌ಗೆ ಹೋಗಲಾರರು; ಹೋಗಬೇಕಾಗಿಯೂ ಇಲ್ಲ. ಮಗಳ ಆಟಕ್ಕಾಗಿ ನಾವು ಊರು ಬಿಡಬೇಕಾಗಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆಡಿ ಬರುತ್ತೇನೆಂದು ಆಕೆ ಕೇಳಿದಾಗ, "ಬೇಡ" ಎನ್ನುವ ಮುನ್ನ ಒಂದು ಕ್ಷಣ ಯೋಚಿಸಿದರೆ ಸಾಕು. ಆ "ಬೇಡ" ಆಕೆಯ ಕ್ಷೇಮಕ್ಕಾಗಿಯೋ, ನಮ್ಮ ಅಂಜಿಕೆಗಾಗಿಯೋ? ಕ್ಷೇಮದ ಪ್ರಶ್ನೆಯಾದರೆ, ಮನೆಯ ಒಬ್ಬರು ಜೊತೆಗೆ ಹೋಗಿ ಅಂಗಳದ ಬದಿಯಲ್ಲಿ ಕುಳಿತು ಬರಬಹುದು. ಆಡಲು ಬಿಟ್ಟ ಮೇಲೆ ಓದಿನ ಲೆಕ್ಕವನ್ನೂ ಕೇಳಬೇಕು. ಗಂಡುಮಗನಿಂದ ಏನನ್ನು ನಿರೀಕ್ಷಿಸುತ್ತೇವೆಯೋ ಅಷ್ಟನ್ನೇ ಮಗಳಿಂದಲೂ ನಿರೀಕ್ಷಿಸಬೇಕು. ಹಾಗೆಯೇ ಮನೆಯ ಮಾತೃಶ್ರೀಯವರೋ ತೀರ್ಥರೂಪರೋ ನಿತ್ಯದ ಹಾದಿಯನ್ನೇ ಮರೆಯತೊಡಗಿದರೆ, ಮುಚ್ಚಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಡೆಯದಾಗಿ ತಂದೆಯರಿಗೊಂದು ಮಾತು. ಮಗಳಿಗಾಗಿ ಮನೆ ಬದಲಿಸಿದ ಆ ರೈತ ಆಕೆಯನ್ನು ಮೊದಲ ಬಾರಿಗೆ ಅಪ್ಪಿಕೊಂಡಾಗ ಆಕೆಗೆ 43 ವರ್ಷ ವಯಸ್ಸಾಗಿತ್ತೆಂದು ಪ್ಯಾಟ್ ತಾವೇ ಹೇಳಿಕೊಂಡಿದ್ದಾರೆ. ತಂದೆಯ ಪ್ರೀತಿ ಎಷ್ಟೆಂಬುದು ಆಕೆಗೆ ಗೊತ್ತಿತ್ತು. ಆದರೂ ಆ ಒಂದು ಅಪ್ಪುಗೆಯನ್ನು ಆಕೆ ಲೆಕ್ಕವಿಟ್ಟು ನೆನಪಿಟ್ಟುಕೊಂಡಿದ್ದರು. ರಿಯಾಯಿತಿ ಕೊಡದಿರೋಣ, ಮೆಚ್ಚುಗೆಯ ಮಾತನ್ನು ಮಾತ್ರ ಅಷ್ಟು ವರ್ಷ ತಡೆಹಿಡಿಯುವುದು ಬೇಡ.